ಬಾಯಿ ಮುಚ್ಚಿ ನುಡಿಸಿದ ನಾಲ್ಕು ರೆಕಾರ್ಡು

ನಮ್ಮಣ್ಣ ಮೂವತ್ತೊಂದು ವರ್ಷ ಸಭಾಂಗಣಗಳಲ್ಲಿ ಆರ್ಗನ್ ನುಡಿಸಿದ. ಗೋಡೆಯೆತ್ತರದ ಕೊಳವೆಗಳ ವಾದ್ಯ ಅದು. ಎರಡು ಕೈ, ಎರಡು ಕಾಲು ಸಾಲವು. ಪಕ್ಕದಲ್ಲಿ ನಿಂತು ಹಾಳೆ ತಿರುವಲು, ನಾದ ಬದಲಿಸುವ ಮರದ ಹಿಡಿಗಳನ್ನು ಎಳೆಯಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬಳು ನಾನು, ಅವನ ತಂಗಿ. ಕರಪತ್ರದಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಬೇಡವೆಂದವಳೂ ನಾನೇ, ಕೊರಗಿದವಳೂ ನಾನೇ.

ನುಡಿಸುವಾಗ ಅವನು ಗುಂಯ್‌ಗುಡುತ್ತಿದ್ದ. ಮನೆಯಲ್ಲಿ ಅವನಿಗೆ ದುಂಬಿ ಎಂದೇ ಹೆಸರು. ಉಸಿರು ಮುಗಿದಲ್ಲಿ ಬೆರಳೂ ನಿಲ್ಲುತ್ತಿತ್ತು. ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿಯುತ್ತಿದ್ದ. "ಈ ವಾದ್ಯಕ್ಕೆ ದಮ್ಮು ಕಟ್ಟೋದೇ ಇಲ್ಲ ಕಣೆ. ಅದರ ಪರವಾಗಿ ನಾನೇ ಉಸಿರಾಡ್ಬೇಕು" ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಮೊದಲ ಧ್ವನಿಮುದ್ರಣ ಎರಡು ದಿನ ನಡೆಯಿತು. ಹಾಕಿ ಕೇಳಿದರೆ ಪ್ರತಿ ಸಾಲಿನಲ್ಲೂ ದುಂಬಿ! ಮೈಕನ್ನು ಎಲ್ಲಿಟ್ಟಿದ್ದರೂ ಅಷ್ಟೇ. ಅಣ್ಣ ಆಗಲೇ ಮನೆಗೆ ಹೋಗಿದ್ದ. "ಇದನ್ನ ಇಟ್ಕೊಳ್ಲಾಮ್ಮಾ, ಇಲ್ಲ ಅಳಿಸಿ ಇದೇ ಟೇಪಿನ ಮೇಲೆ ಮತ್ತೆ ಮಾಡ್ಲಾ?" ಎಂದು ಧ್ವನಿಮುದ್ರಕರು ನನ್ನನ್ನೇ ಕೇಳಿದರು. ಜನ ನಕ್ಕಾರೆಂಬ ನಾಚಿಕೆ ನನಗೆ, ಜೊತೆಗೆ ಸಿಟ್ಟು. "ಅಳಿಸ್ಬಿಡಿ, ಯಾರು ಕೇಳ್ತಾರೆ ಇದನ್ನ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ನಾನೇ ಅವನಿಗೆ ಕರ್ಚೀಫು ಮಡಿಸಿ ಕೊಟ್ಟೆ. "ಕಚ್ಕೊಂಡು ನುಡಿಸು." ಎದುರಾಡದೆ ಕಚ್ಚಿಕೊಂಡ. ಹಾಗೆ ನಾಲ್ಕು ರೆಕಾರ್ಡು ಬಂದವು. ಗಡಿಯಾರದಷ್ಟು ನಿಖರ ಎಂದು ಪತ್ರಿಕೆಯವರು ಹೊಗಳಿದರು. ನಾನು ಕತ್ತರಿಸಿ ಅಂಟಿಸಿಟ್ಟೆ. ಅಣ್ಣ ನಾಲ್ಕನೆಯದನ್ನು ಮನೆಯಲ್ಲಿ ಹಾಕಿ ಕೇಳುತ್ತಾ ಅರ್ಧಕ್ಕೇ ನಿಲ್ಲಿಸಿದ. "ಎಲ್ಲೂ ಉಸಿರೇ ಇಲ್ಲ ನೋಡು. ಬರೀ ಓಡ್ತಾ ಇದೆ." ಐದನೆಯದಕ್ಕೆ ಕರೆ ಬಂದಾಗ ಒಲ್ಲೆನೆಂದ. ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ.

ಬೆರಳು ಸೆಟೆದು ನುಡಿಸುವುದು ನಿಂತ ಮೇಲೆ ಅವನದು ಒಂದೇ ಪ್ರಶ್ನೆ. "ಆ ಮೊದಲ್ನೇ ಟೇಪು ನಿನ್ನ ಹತ್ರ ಇದೆಯಾ? ನಾನು ಸರಿಯಾಗಿ ನುಡಿಸಿದ್ದು ಅದೊಂದೇ." "ಎಲ್ಲೋ ಇರ್ಬೇಕಣ್ಣಾ, ಹುಡುಕ್ತೀನಿ" ಎಂದುಬಿಟ್ಟೆ. ಭಾನುವಾರ ಬಂತೆಂದರೆ "ಸಿಕ್ತಾ?" ಎನ್ನುವನು. ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಎರಡು ಸೀನೂ ಸೀನುತ್ತಿದ್ದೆ. ನಾಟಕಕ್ಕೇನು ಬರ? ಎರಡು ವರ್ಷ ಹೀಗೇ ನಡೆಸಿದೆ.

ಒಂದು ಭಾನುವಾರ ನಾನು ಪೆಟ್ಟಿಗೆಗೆ ಕೈ ಹಾಕುವಾಗ ಹಾಸಿಗೆಯಿಂದಲೇ ತಡೆದ.

"ಬಿಡೇ, ಸೊಂಟ ಹಿಡ್ಕೊಂಡೀತು. ಅಳಿಸಿದ್ದು ನಂಗೆ ಅವತ್ತಿನಿಂದ್ಲೇ ಗೊತ್ತು. ರೆಕಾರ್ಡಿಂಗಿನವರೇ ಹೇಳಿದ್ರು."

"ಮತ್ತೆ ಯಾಕೆ ಕೇಳ್ತಿದ್ದೆ?"

"ನೀನೇ ಹೇಳ್ತೀಯೇನೋ ಅಂತ."

ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. "ಮಾತ್ರೆ ತಗೊಂಡ್ಯಾ?" ಎಂದೆ. ತಗೊಂಡೆ ಎಂದ.

ಆಮೇಲೆ ಅವನು ಹನ್ನೊಂದು ಭಾನುವಾರ ಬದುಕಿದ್ದ. ಅವನು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.