ಅರವತ್ತು ಕೆ.ಜಿ. ಕಬ್ಬಿಣ ಕೊಂಡದ್ದು

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಭಾರ ಎತ್ತುವುದನ್ನು ಶುರು ಮಾಡಿ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದಾಗ ನನಗೆ ನಗು ಬಂದಿತ್ತು. ಮೂಳೆ ಸವೆಯುತ್ತಿದೆ, ಬರೀ ವಾಕಿಂಗ್ ಸಾಲದು ಎಂದರು. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಊರಿನ ಜಿಮ್ಮಿಗೆ ಹೋದರೆ ನನ್ನ ಹಳೆಯ ವಿದ್ಯಾರ್ಥಿಗಳೇ ಸಿಗುತ್ತಾರೆ. ಅವರೆದುರು ಏದುಸಿರು ಬಿಡಲು ನಾಚಿಕೆಯಾಗಿ, ಸಾಮಾನನ್ನು ಮನೆಗೇ ತಂದಿಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.

ಹಳೆಯ ಸಾಮಾನು ಮಾರುವವರ ವಾಟ್ಸಾಪ್ ಗುಂಪೊಂದರಲ್ಲಿ ಶ್ರೀರಾಂಪುರದ ಹೆಂಗಸೊಬ್ಬಳು ಫೋಟೊ ಹಾಕಿದ್ದಳು: ಒಂದು ರಾಡು, ಅದಕ್ಕೆ ಹಾಕುವ ಕಬ್ಬಿಣದ ಪ್ಲೇಟುಗಳು. ಭಾನುವಾರ ಹೊಸದುರ್ಗಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಅವಳ ಮನೆ ಹುಡುಕಿದೆ.

ಮೂವತ್ತರ ಆಸುಪಾಸಿನವಳು. ಕುರಿ ಸಾಕುವ ಮನೆ; ಅಂಗಳದ ತುಂಬ ಉಣ್ಣೆಯ ವಾಸನೆ. ಕಾಲೇಜಿನಲ್ಲಿದ್ದಾಗ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಿದ್ದಳಂತೆ. ಅಪ್ಪ ಎರಡು ಟಗರು ಮಾರಿ ಇದನ್ನು ಕೊಡಿಸಿದ್ದರಂತೆ. ಆಮೇಲೆ ಭುಜಕ್ಕೆ ಪೆಟ್ಟಾಗಿ ಎತ್ತುವುದು ನಿಂತಿತು. ಆದರೂ ತುಕ್ಕು ಹಿಡಿಯದಂತೆ ಪ್ರತಿ ತಿಂಗಳು ಕೊಬ್ಬರಿ ಎಣ್ಣೆ ಸವರಿ ಇಟ್ಟಿದ್ದಳು. ಎಲ್ಲ ಸೇರಿ ಅರವತ್ತು ಕೆ.ಜಿ., ಕೆ.ಜಿ.ಗೆ ನೂರರಂತೆ ಆರು ಸಾವಿರ ಎಂದಳು.

ನಾನು ಫೋನು ತೆಗೆದೆ. ಅಷ್ಟೇ ತೂಕದ ಹೊಸ ಸೆಟ್ಟು ಆನ್‌ಲೈನಿನಲ್ಲಿ ಎರಡು ಸಾವಿರದ ಎಂಟುನೂರಕ್ಕೆ ಇತ್ತು. ಹೊಸದೇ ಇಷ್ಟಕ್ಕೆ ಸಿಗುವಾಗ ಹಳೆಯದಕ್ಕೆ ಆರು ಸಾವಿರವೇ ಎಂದು ಕೇಳಿದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಹೊರಗೆ ಪ್ಲಾಸ್ಟಿಕ್, ಒಳಗೆ ಸಿಮೆಂಟ್. ಹಿಂದಿನ ದಿನವೇ ಅದನ್ನು ಓದಿಕೊಂಡಿದ್ದೆ. ಫೋನನ್ನು ಅವಳ ಮುಖದೆದುರು ಹಿಡಿದಾಗ ನನ್ನ ಹೆಬ್ಬೆರಳು ಆ ಸಾಲಿನ ಮೇಲಿತ್ತು. ಅದು ತಾನಾಗಿ ಹೋಗಿ ಕೂತದ್ದಲ್ಲ.

ಅವಳು ಬಗ್ಗಿ ಫೋನಿನಲ್ಲಿದ್ದ ಬೆಲೆ ನೋಡಿದಳು. “ನಾನು ತಗಂಡು ಹತ್ತು ವರ್ಷ ಆತು ಮೇಡಂ, ಈಗಿನ ರೇಟ್ ಗೊತ್ತಿಲ್ಲ. ನೀವು ಟೀಚರು, ಸುಮ್‌ಸುಮ್ನೆ ಹೇಳಲ್ಲ. ಮೂರು ಸಾವಿರ ಕೊಡ್ರಿ.”

ಕೊಟ್ಟೆ. ಅಷ್ಟಕ್ಕೇ ಅವಳು ನನ್ನನ್ನು ಬಿಡಲಿಲ್ಲ. ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿ ಎತ್ತುವುದು ಹೇಗೆಂದು ಒಂದು ಗಂಟೆ ಹೇಳಿಕೊಟ್ಟಳು. ಲಗೇಜ್ ಆಟೋ ಬಂದಾಗ, ಬೇಡವೆಂದರೂ ಕೇಳದೆ, ನೋವಿಲ್ಲದ ಕೈಯಲ್ಲಿ ಪ್ಲೇಟುಗಳನ್ನು ಒಂದೊಂದಾಗಿ ಏರಿಸಿದಳು.

ಆ ವಾರ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಯಾವುದೋ ಕೆಲಸಕ್ಕೆ ಮನೆಗೆ ಬಂದವರು ಪ್ಲೇಟನ್ನು ಎತ್ತಿ ನೋಡಿದರು. ಗಟ್ಟಿ ಕಬ್ಬಿಣ, ದಾವಣಗೆರೆಯ ಅಂಗಡಿಯಲ್ಲಿ ಹೊಸದಾಗಿ ಕೊಂಡರೆ ಒಂಬತ್ತು ಸಾವಿರಕ್ಕೆ ಕಮ್ಮಿಯಿಲ್ಲ, ಹಳೆಯದಾದರೂ ಆರು ಬಾಳುತ್ತದೆ ಎಂದರು. ನಾನು ಕೊಟ್ಟದ್ದನ್ನು ಕೇಳಿ, “ಭಾರಿ ಯಾಪಾರ ಮಾಡೀರಿ ಬಿಡ್ರಿ” ಎಂದು ನಕ್ಕರು. ಮರುದಿನ ಸ್ಟಾಫ್‌ರೂಮಿನಲ್ಲೂ ಅದೇ ಮಾತಾಯಿತು. ಎಲ್ಲರೂ ಹೊಗಳಿದರು. ಬೆಳಿಗ್ಗೆ ರಾಡಿಗೆ ಕೈ ಹಾಕಿದರೆ ಎಣ್ಣೆಯ ಜಿಡ್ಡು ಅಂಗೈಗೆ ಹತ್ತುತ್ತಿತ್ತು. ನನಗೆ ಎತ್ತಲು ಮನಸ್ಸಾಗುತ್ತಿರಲಿಲ್ಲ.

ಮುಂದಿನ ಭಾನುವಾರ ಇನ್ನೂ ಮೂರು ಸಾವಿರ ತೆಗೆದುಕೊಂಡು ಶ್ರೀರಾಂಪುರಕ್ಕೆ ಹೋದೆ. ಲೆಕ್ಕ ತಪ್ಪಿದ್ದೆ, ಆನ್‌ಲೈನಿನದು ಸಿಮೆಂಟಿನದು ಎಂದೆ.

“ನನಗೂ ಗೊತ್ತಾತು ಮೇಡಂ. ನೀವು ಹೋದ್ಮೇಲೆ ನೋಡ್ದೆ. ಕೆಳಗೆ ಬರದೈತೆ. ಪಾಪ, ನಿಮಗೆ ಕಾಣಿಸಿಲ್ಲ ಅನ್ಕಂಡೆ.”

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. “ಹೌದಮ್ಮ, ಕನ್ನಡಕ ಹಾಕಿರಲಿಲ್ಲ” ಎಂದುಬಿಟ್ಟೆ.

ಅವಳು ಅಪ್ಪನನ್ನು ಕರೆದು, ಮೇಡಂ ತಾವಾಗಿಯೇ ದುಡ್ಡು ತಂದುಕೊಟ್ಟಿದ್ದಾರೆ ಎಂದು ಹೇಳಿದಳು. ಆ ಹಿರಿಯರು ಹೆಗಲ ಮೇಲಿನ ಕಂಬಳಿಯನ್ನೇ ಹಾಸಿ ನನ್ನನ್ನು ಕೂರಿಸಿದರು. ಈಗಿನ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ ಎಂದರು. ಊಟ ಮಾಡಿಸದೆ ಕಳಿಸಲಿಲ್ಲ.

ಆಮೇಲೆ ಅವಳು ವಾರಕ್ಕೊಮ್ಮೆ ಫೋನು ಮಾಡತೊಡಗಿದಳು. ಎಷ್ಟು ಕೆ.ಜಿ. ಆಯಿತು, ಸೊಂಟ ನೋಯುತ್ತದೆಯೇ ಎಂದು ಕೇಳುವಳು. ನನಗಿಂತ ಅವಳಿಗೇ ಉಮೇದು. ಒಂದೂವರೆ ತಿಂಗಳು ಹೀಗೆ ನಡೆಯಿತು. ಒಂದು ದಿನ, ನಿಮ್ಮಂಥ ಟೀಚರು ನನಗೆ ಸಿಗಲಿಲ್ಲ ಎಂದು ಅವಳು ಅಂದಾಗ ತಡೆಯಲಾಗಲಿಲ್ಲ.

“ಆವತ್ತು ಆ ಸಾಲು ನನಗೆ ಕಾಣಿಸಿತ್ತಮ್ಮ. ಬೇಕು ಅಂತಲೇ ಬೆರಳಿಟ್ಟು ಮುಚ್ಚಿದ್ದೆ” ಎಂದೆ.

ಅವಳು ಯಾವುದೋ ಕುರಿಯನ್ನು ಗದರಿದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಮೆಲ್ಲಗೆ, “ಆತು ಬಿಡ್ರಿ ಮೇಡಂ. ಎತ್ತುವಾಗ ಬೆನ್ನು ಬಗ್ಗಿಸಬ್ಯಾಡ್ರಿ” ಎಂದು ಫೋನಿಟ್ಟಳು.

ಅದಾದ ಮೇಲೆ ಅವಳ ಫೋನು ಬಂದಿಲ್ಲ. ನಾನೀಗ ಮೂವತ್ತು ಕೆ.ಜಿ. ಎತ್ತುತ್ತೇನೆ. ಅದನ್ನು ಹೇಳಬೇಕೆಂದು ಎರಡು ಸಲ ಅವಳ ನಂಬರು ತೆಗೆದು, ಒತ್ತದೆ ಹಾಗೇ ಇಟ್ಟಿದ್ದೇನೆ.