ತಳದ ನೀರಿಗೆ ಉಸಿರು ಕೊಟ್ಟ ಮಸ್ತಾನ್

ನಂಬಲ್ಲ ಅಂತ ಹೇಳಿ ನೋಡೋಣ, ಆಮೇಲೆ ನಿಮಗೇ ನಾಚ್ಕೆ ಆಗುತ್ತೆ. ನಮ್ಮ ತಾಯಲೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಮಸ್ತಾನ್, ಎಡಗೈಲಿ ಟೀ ಗ್ಲಾಸಿಲ್ದೆ ಬಲಗೈಲಿ ಸ್ಪ್ಯಾನರ್ ಹಿಡೀದೋನು, ಒಂದು ಬೇಸ್ಗೆ ಪೂರ್ತಿ ಟೀ ಬಿಟ್ಟಿದ್ದ. ಎಪ್ಪತ್ತರ ದಶಕದ ಕೊನೆ ಮಾತು.

ಊರಾಚೆ ಹಳೇ ಕಲ್ಲುಕ್ವಾರಿ ಮಳೆನೀರು ತುಂಬಿ ಕೆರೆ ಥರ ಆಗಿತ್ತು. ಆ ವರ್ಷ ಕುಡಿಯೋಕೂ ಅದೇ ಗತಿ. ಮೇಲಿನ ನೀರಲ್ಲಿ ಪಾಚಿ, ಎಮ್ಮೆ. ಅದಕ್ಕೆ ಮಸ್ತಾನ್ ಪೈಪ್ನ ತಳಕ್ಕೆ ಬಿಟ್ಟ. ತಣ್ಣಗಿನ ನೀರೇನೋ ಬಂತು, ಕೊಳೆತ ಮೊಟ್ಟೆ ವಾಸ್ನೆ! ಹೆಂಗಸ್ರು ಬಿಂದಿಗೆ ಅಲ್ಲೇ ಬಗ್ಗಿಸಿ ಹೋದ್ರು. ಅವನ ಹೆಂಡ್ತಿ ಬೀಬಮ್ಮನೂ "ಇದ್ರಲ್ಲಿ ನಾನು ಟೀ ಕಾಯ್ಸಲ್ಲ ಜೀ" ಅಂದ್ಬಿಟ್ಲು.

"ಈ ನೀರಲ್ಲೇ ನೀನು ಕಾಯ್ಸೋವರ್ಗೂ ನಾನು ಟೀ ಮುಟ್ಟಲ್ಲ ಕಣೇ" ಅಂದ.

ಅವನ ಗೆಳೆಯ ನಾನು, ಬಿಡ್ತೀನಾ? ದಿನಾ ಅವನ ಷೆಡ್ ಮುಂದೆ ನಿಂತು ಸೊರ್ರಂತ ಟೀ ಹೀರಿ, "ಏಲಕ್ಕಿ ಹಾಕವ್ರೆ ಕಣೋ" ಅಂತಿದ್ದೆ.

"ಲೇ ನಾಗಾ, ತಳದ ನೀಳ್ಳಕಿ ಊಪಿರಿ ಲೇದುರಾ. ಗಾಳಿ ಕಾಣ್ದೆ ಉಸಿರುಕಟ್ಟಿದೆ ಅದಕ್ಕೆ" ಅಂತ ಅರ್ಧ ತೆಲುಗಲ್ಲಿ ಹೇಳ್ತಿದ್ದ.

ಮೊದ್ಲು ಲಾರಿ ಟೈರಿಗೆ ಗಾಳಿ ತುಂಬೋ ಕಂಪ್ರೆಸರ್ ತಂದು ತಳಕ್ಕೆ ಬುಸ್ಸಂತ ಬಿಟ್ಟ. ಕೆಟ್ಟ ನೀರೆಲ್ಲಾ ಒಟ್ಟಿಗೆ ಮೇಲೆದ್ದು ಊರೆಲ್ಲಾ ನಾತ. ಮೀನೆಲ್ಲಾ ಸತ್ತು ತೇಲಿದ್ವು. ಜನ ಬೈದಿದ್ದನ್ನ ಬರೆಯೋಕಾಗಲ್ಲ. ಅದ್ರಲ್ಲಿ ಒಳ್ಳೊಳ್ಳೆ ಬೈಗುಳ ಎಲ್ಲಾ ನಾನೇ ಬೈದಿದ್ದು.

"ಕಲಕ್ಬಾರ್ದಿತ್ತು" ಅಂದ ಮಸ್ತಾನ್, ಸತ್ತ ಮೀನು ಬುಟ್ಟಿಗೆ ತುಂಬ್ತಾ. "ಮೇಲಕ್ಕೆ ಕರ್ಕೊಂಡ್ಬಂದು, ಗಾಳಿ ಕುಡಿಸಿ, ವಾಪಸ್ ಅದರ ಮನೇಗೇ ಬಿಡ್ಬೇಕು."

ಡೀಸೆಲ್ ಪಂಪ್ ಇಟ್ಟ. ತಳದ ನೀರೆತ್ತಿ, ದಡದಲ್ಲಿ ಮೆಟ್ಲು ಥರ ಜೋಡಿಸಿದ ಚಪ್ಪಡಿಗಳ ಮೇಲೆ ತೆಳ್ಳಗೆ ಹರಿಸಿ, ಇನ್ನೊಂದು ಪೈಪಲ್ಲಿ ಮೆಲ್ಲಗೆ ತಳಕ್ಕೇ ಇಳಿಸಿದ. ಆ ಚಪ್ಪಡಿ ಹೊತ್ತೋನು ಯಾರು ಅಂದ್ಕೊಂಡ್ರಿ? ನಾನೇ! ಅವನು ಆ ಕಡೆ ತುದಿ ಹಿಡ್ಕೊಂಡಿದ್ದ, ಅಷ್ಟೆ. ಇಂಜಿನ್ ಕೆಟ್ರೆ ಬಿಚ್ತಿದ್ದ, ಜೋಡಿಸ್ತಿದ್ದ, ಮತ್ತೆ ಹ್ಯಾಂಡ್ಲು ಹೊಡೆದು ಸ್ಟಾರ್ಟ್ ಮಾಡ್ತಿದ್ದ. ನೀರಲ್ಲಿದ್ದ ಕಬ್ಬಿಣಕ್ಕೆ ಗಾಳಿ ತಾಗಿ ಚಪ್ಪಡಿಗಳಿಗೆ ತುಕ್ಕಿನ ಬಣ್ಣ ಹತ್ತಿತು. "ನೋಡ್ಲಾ, ಉಸಿರಾಡ್ತಿದೆ!" ಅಂತ ನನ್ನ ಬೆನ್ನಿಗೆ ಗುದ್ದಿದ.

ಶ್ರೀನಿವಾಸಪುರದ ಮಾವು ಸಂತೆಗೆ ಬರೋ ಹೊತ್ತಿಗೆ ಬೀಬಮ್ಮ ಬಿಂದಿಗೆ ನೀರು ಮೂಸಿದ್ಲು. ಟೀಗೆ ಒಲೆ ಹಚ್ಚಿದ್ಲು. ಮಸ್ತಾನ್ ಗ್ಲಾಸ್ನ ಎರಡೂ ಕೈಲಿ ಹಿಡ್ದ. ಒಂಚೂರೂ ವಾಸ್ನೆ ಇಲ್ದ ಟೀ! ನನಗೂ ಕೊಟ್ಟ.

ಈಗ ಮಸ್ತಾನ್ ಇಲ್ಲ. ಚಪ್ಪಡಿ ಇವೆ, ಬಣ್ಣ ಹೋಗಿಲ್ಲ, ಬೇಕಾದ್ರೆ ಹೋಗಿ ನೋಡಿ. ನಾನು ಹೇಳಿದ್ರಲ್ಲಿ ಸುಳ್ಳು ಒಂದೇ. ಆ ಟೀಲಿ ಇನ್ನೂ ಒಂಚೂರು ವಾಸ್ನೆ ಇತ್ತು. "ಹೆಂಗಿದೆ?" ಅಂತ ಬೀಬಮ್ಮ ಕೇಳಿದಾಗ, ಅವನು ನನ್ನ ಕಡೆ ನೋಡಿ, "ಏಲಕ್ಕಿ ಹಾಕವ್ರೆ ಕಣೋ" ಅಂದ. ಗ್ಲಾಸ್ ಖಾಲಿ ಮಾಡ್ದೋನೇ ಎದ್ದು ಹೋಗಿ ಮತ್ತೆ ಇಂಜಿನ್ ಹ್ಯಾಂಡ್ಲು ಹೊಡ್ದ.