ಕೂಡಿಸುವ ಚಿಹ್ನೆಯಲ್ಲಿ ಕಳೆದುಹೋದ ಹೊಲ

ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಹುಮನಾಬಾದಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅರ್ಜಿ ತುಂಬುತ್ತಿದ್ದೆ. ಆ ವಾರ ಸ್ಪ್ರಿಂಕ್ಲರ್ ಪೈಪಿನದು. ಸರ್ಕಾರದ ಪಟ್ಟಿಯಲ್ಲಿ ಹೆಸರಿದ್ದ ರೈತರು ಕೊನೆಯ ದಿನ ಸಂಜೆ ಐದರೊಳಗೆ ಬಂದು ಹೆಬ್ಬೆಟ್ಟು ಒತ್ತಿದರೆ ಪೈಪು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಉದ್ದದ ಪಟ್ಟಿ. ಸರ್ವೆ ನಂಬರ್ ಹೊಡೆದರೆ ಹೆಸರು ಹುಡುಕಿಕೊಡುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಬರೆದ ದಿನದಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೊನೆಯ ದಿನ ಮನ್ನಾಏಖೇಳ್ಳಿಯಿಂದ ಒಬ್ಬ ಕಾಕಿ ಬಂದಳು. ಪಹಣಿಯಲ್ಲಿ 73/1+2 ಎಂದಿತ್ತು. ಹೊಡೆದೆ. ಬರಲಿಲ್ಲ.

“ಲಿಸ್ಟಿನ್ಯಾಗ ನಿಮ್ಮ ಹೊಲಾನೇ ಇಲ್ರಿ ಕಾಕಿ.”

“ಎಲ್ಲಿ ಹೋತೋ ತಮ್ಮಾ? ಮುಂಜಾನೆ ಅದರಾಗೇ ಕಳೆ ತಗದು ಬಂದೇನಿ.”

ನಾನು ಸಾಹೇಬರ ಗತ್ತಿನ ದನಿ ತೆಗೆದು, “ಹೊಲ ನಾಪತ್ತೆ, ಹುಡುಕಿಕೊಟ್ಟವರಿಗೆ ಬಹುಮಾನ” ಎಂದೆ. ಸಾಲಿನಲ್ಲಿದ್ದವರು ನಕ್ಕರು. ಆಕೆ ಪಹಣಿ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಮಧ್ಯಾಹ್ನ ಇನ್ನೊಬ್ಬರ 41/3+4 ಕೂಡ ಸಿಗಲಿಲ್ಲ. ಪ್ರೋಗ್ರಾಂ ತೆರೆದು ನೋಡಿದೆ. ಹೊಲದ ಎರಡು ಹಿಸ್ಸೆ ಒಂದಾದರೆ ಪಹಣಿಯಲ್ಲಿ ನಡುವೆ ಕೂಡಿಸುವ ಚಿಹ್ನೆ ಹಾಕುತ್ತಾರೆ. ಹುಡುಕಲು ನಾನು ಬಳಸಿದ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸೂತ್ರಕ್ಕೆ ಅದು ಬರೀ ಚಿಹ್ನೆಯಲ್ಲ, ಹುಕುಂ: ಅದರ ಹಿಂದಿನ ಅಂಕಿ ಒಂದು ಸಲವಾದರೂ ಬರಲಿ, ಹತ್ತು ಸಲವಾದರೂ ಬರಲಿ ಎಂದು. ನನ್ನ ಶಾಣ್ಯಾ ಪ್ರೋಗ್ರಾಂ 73/12, 73/112 ಎಂದು ಇಲ್ಲದ ಹೊಲಗಳಲ್ಲಿ ಅಲೆಯುತ್ತಿತ್ತು. ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಎಂಬ ಒಂದು ಓರೆಗೀಟು ಗೀಚಿದ್ದರೆ ಅದು ಬಾಯಿ ಮುಚ್ಚಿಕೊಂಡು ಚಿಹ್ನೆಯಾಗಿಯೇ ಇರುತ್ತಿತ್ತು. ಇದು ನನಗೆ ಗೊತ್ತಿತ್ತು. ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಗೊತ್ತಿದ್ದೂ ಬರೆಯದೆ, ತಪ್ಪನ್ನು ಆಕೆಯ ಮೇಲೆ ಹಾಕಿ, ಸಾಲದ್ದಕ್ಕೆ ಜನರನ್ನೂ ನಗಿಸಿದ್ದೆ.

ಗೀಚಿದೆ. ಎದುರಿಗಿದ್ದವರ ಹೊಲ ಸಿಕ್ಕಿತು; ಕಾಕಿಯ ಹೆಸರೂ ಫೋನ್ ನಂಬರಿನ ಸಮೇತ ಎದ್ದು ಬಂತು.

ಅಂಗಡಿ ಮಾಲಕರು ಚಹಾ ಹೀರುತ್ತ, “ನಾಳಿ ನೋಡೂಣು ಬಿಡೋ” ಎಂದರು.

“ನಾಳಿ ಎಲ್ಲದ್ರಿ? ಐದಕ್ಕ ಬಂದ್ ಆಗ್ತದ” ಎಂದು ಅವರ ಮೇಲೆ ಒದರಿದೆ. ಯಾರ ದನಿಯನ್ನೂ ಎರವಲು ಪಡೆಯದೆ ಒದರಿದ್ದು ಅದೇ ಮೊದಲು.

ಫೋನ್ ಮಾಡಿದೆ. ನಾಲ್ಕೂವರೆಗೆ ಆಕೆ ಆಟೋದಿಂದ ಇಳಿದಳು.

“ತಪ್ಪು ನಂದೇ ಕಾಕಿ. ಬೈರಿ, ಎಲ್ಲಾರ ಮುಂದ ಬೈರಿ.”

“ನಿನ್ನ ಬೈಕೋತ ಕುಂತ್ರ ಐದು ಹೊಡೀತದ. ಹೆಬ್ಬಟ್ಟು ಎಲ್ಲಿ ಒತ್ತಲಿ ಹೇಳು.”

ಒತ್ತಿಸಿಕೊಂಡೆ. ಅರ್ಜಿ ಹೋಯಿತು. ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಸ್ಸಿನ ಕಡೆ ನಡೆದಳು. ನನ್ನ ಮೇಲಿನ ನನ್ನ ಸಿಟ್ಟು ಇಳಿಯಲಿ ಎಂದು ಆಕೆ ಒಂದು ಬೈಗುಳವನ್ನೂ ಬಿಟ್ಟುಹೋಗಲಿಲ್ಲ.